ಸೇವೆಯ ನೆಲೆ ಎಲ್ಲಿದೆ?

ಜಾತ್ರೆಯ ದಿನ ಮಠದ ದಾಸೋಹದ ಮನೆಯನ್ನು ಹೊಕ್ಕು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ಪಂಕ್ತಿ ಕುಳಿತು ಎಲೆ ಹಾಸಿದೊಡನೆ ಬಡಿಸುವುದಕ್ಕೆ ಹತ್ತಾರು ಕೈಗಳು ಮುಂದಾಗುತ್ತವೆ. ಸೌಟನ್ನು ಹಿಡಿಯುವುದಕ್ಕಾಗಿ ಸಣ್ಣದೊಂದು ಪೈಪೋಟಿಯೇ ನಡೆಯುವುದುಂಟು. ಕೊನೆಯ ಪಂಕ್ತಿ ಎದ್ದು ಹೊತ್ತಿಳಿದ ಮೇಲೆ ಅದೇ ಮನೆಯ ಹಿತ್ತಿಲಿಗೆ ಹೋದರೆ ಕಾಣುವ ನೋಟ ಬೇರೆ. ಅಲ್ಲಿ ಕೊಪ್ಪರಿಗೆಗಳ ತಳ ಹಿಡಿದ ಅನ್ನವನ್ನು ಕೆರೆದು, ಬೂದಿ ಹಾಕಿ ತಿಕ್ಕುತ್ತಿರುವವರು ಇಬ್ಬರೋ ಮೂವರೋ ಮಾತ್ರ. ಮಧ್ಯಾಹ್ನ ಸೌಟು ಹಿಡಿದಿದ್ದವರಲ್ಲಿ ಬಹುಮಂದಿ ಆ ವೇಳೆಗೆ ಮನೆಗೆ ಮರಳಿರುತ್ತಾರೆ.

ಬಡಿಸುವುದು ಸೇವೆಯಲ್ಲವೆಂದು ಇದರ ಅರ್ಥವಲ್ಲ. ಹಸಿದವನ ಎಲೆಗೆ ಅನ್ನ ಬೀಳಬೇಕಾದರೆ ಬಡಿಸುವ ಕೈ ಬೇಕೇ ಬೇಕು. ಆದರೆ ಇಪ್ಪತ್ತು ಕೈಗಳು ಸಾಕಾದೆಡೆ ಐವತ್ತು ಸೇರಿ, ಹತ್ತು ಕೈಗಳು ಬೇಕಾದೆಡೆ ಎರಡೇ ಉಳಿದರೆ, ಬಂದವರೆಲ್ಲರೂ ಸೇವೆಗಾಗಿಯೇ ಬಂದರೇ ಎಂಬ ಸಂದೇಹ ಹುಟ್ಟುವುದು ಸಹಜ. ಈ ಸಂದೇಹವು ದಾಸೋಹದ ಮನೆಗೆ ಮಾತ್ರ ಸಂಬಂಧಿಸಿದುದಲ್ಲ. ಊರಿಗಾಗಿ ಏನನ್ನಾದರೂ ಮಾಡಬೇಕೆಂದು ಹಂಬಲಿಸುವ ಪ್ರತಿಯೊಬ್ಬನ ಹೃದಯಕ್ಕೂ ಅದು ಸಂಬಂಧಿಸಿದುದು.

ಇಂತಹ ಹಂಬಲವುಳ್ಳವರು ಇಂದು ಕಡಮೆಯಿಲ್ಲ. ಓದು ಮುಗಿಸಿದ ತರುಣರಲ್ಲಿ, ವೃತ್ತಿಯಿಂದ ನಿವೃತ್ತರಾದ ಹಿರಿಯರಲ್ಲಿ, ಮಕ್ಕಳು ದೊಡ್ಡವರಾಗಿ ಮನೆಗೆಲಸ ಹಗುರಾದ ತಾಯಂದಿರಲ್ಲಿ ಒಂದು ಮಾತು ಮತ್ತೆ ಮತ್ತೆ ಕೇಳಿಬರುತ್ತದೆ: ಮನಸ್ಸೇನೋ ಇದೆ, ಅವಕಾಶ ದೊರೆಯುತ್ತಿಲ್ಲ. ಊರಿನಲ್ಲಿ ನೋವಿಗೆ ಕೊರತೆಯಿಲ್ಲ, ಸೇವೆ ಮಾಡಬೇಕೆನ್ನುವವರಿಗೂ ಕೊರತೆಯಿಲ್ಲ. ಹೀಗಿದ್ದೂ ಇವರಿಬ್ಬರೂ ಒಬ್ಬರನ್ನೊಬ್ಬರು ಸಂಧಿಸದೆ ಒಂದೇ ಬೀದಿಯಲ್ಲಿ ಹಾದುಹೋಗುತ್ತಿರುವುದೇಕೆ? ಸೇವೆಯ ನೆಲೆಯನ್ನು ಅರಸುವವನು ಎಲ್ಲಿ ಅರಸಬೇಕು?

ಇದಕ್ಕೆ ಉತ್ತರವನ್ನು ಹುಡುಕುವ ಮೊದಲು ಶರಣರು ದಾನಕ್ಕೂ ದಾಸೋಹಕ್ಕೂ ಕಂಡ ಭೇದವನ್ನು ನೆನೆಯಬೇಕು. ದಾನದಲ್ಲಿ ಕೊಡುವವನು ಮೇಲಿರುತ್ತಾನೆ, ಕೊಳ್ಳುವವನು ಕೆಳಗಿರುತ್ತಾನೆ. ಏನನ್ನು, ಎಷ್ಟನ್ನು, ಯಾವಾಗ ಕೊಡಬೇಕೆಂಬುದನ್ನು ನಿಶ್ಚಯಿಸುವವನು ದಾನಿ. ದಾಸೋಹವೆಂಬ ಪದದಲ್ಲಿಯೇ ದಾಸಭಾವವು ಅಡಗಿದೆ. ದಾಸನಾದವನು ತನಗೆ ರುಚಿಸಿದ ಕೆಲಸವನ್ನು ಆರಿಸಿಕೊಂಡು ಒಡೆಯನ ಮುಂದೆ ಇಡುವುದಿಲ್ಲ. ಅಪ್ಪಣೆಯೇನೆಂದು ಕೇಳಿ ನಿಲ್ಲುತ್ತಾನೆ. ಈ ಭೇದವನ್ನು ಸೇವೆಯ ಪ್ರಶ್ನೆಗೆ ಅನ್ವಯಿಸಿ ನೋಡಿದರೆ ತೊಡಕಿನ ಮೂಲವು ಹೊಳೆಯುತ್ತದೆ. ಅವಕಾಶ ದೊರೆಯಲಿಲ್ಲವೆನ್ನುವವನು ಬಹುವೇಳೆ ಅರಸುತ್ತಿರುವುದು ತನಗೊಪ್ಪುವ ಕೆಲಸವನ್ನು. ತನ್ನ ವಿದ್ಯೆಗೆ ತಕ್ಕುದು, ತನ್ನ ಬಿಡುವಿಗೆ ಹೊಂದುವುದು, ತನ್ನ ಮನಸ್ಸಿಗೆ ತೃಪ್ತಿ ತರುವುದು, ಸಾಧ್ಯವಾದರೆ ನಾಲ್ವರು ಮೆಚ್ಚುವುದು. ಇಷ್ಟೆಲ್ಲ ಲಕ್ಷಣಗಳು ಕೂಡಿದ ಕೆಲಸವು ಸುಲಭವಾಗಿ ದೊರೆಯದಿದ್ದರೆ ಆಶ್ಚರ್ಯವಿಲ್ಲ.

ಸೊನ್ನಲಿಗೆಯ ಸಿದ್ಧರಾಮೇಶ್ವರರ ಚರಿತ್ರೆಯಲ್ಲಿ ಈ ಪ್ರಶ್ನೆಯು ತನ್ನ ಪೂರ್ಣ ಗಾಂಭೀರ್ಯದಿಂದ ಎದ್ದು ನಿಲ್ಲುತ್ತದೆ. ಇಂದು ಸೊಲ್ಲಾಪುರವೆಂದು ಕರೆಯುವ ಆ ಊರಿನಲ್ಲಿ 12ನೆಯ ಶತಮಾನದಲ್ಲಿ ಅವರು ಕೆರೆಯನ್ನು ಕಟ್ಟಿಸುತ್ತಿದ್ದರು. ಮಳೆ ಕಡಮೆಯಾದ ಆ ಸೀಮೆಯಲ್ಲಿ ಕೆರೆಗಿಂತ ದೊಡ್ಡ ಲೋಕೋಪಕಾರ ಯಾವುದಿದ್ದೀತು? ಜನ ಅವರನ್ನು ದೇವರಂತೆ ಕಂಡರು. ಅಂತಹ ವೇಳೆಯಲ್ಲಿ ಅಲ್ಲಮಪ್ರಭುದೇವರು ಅಲ್ಲಿಗೆ ಬಂದು, ನಿಮ್ಮ ಒಡ್ಡನೆಲ್ಲಿದ್ದಾನೆಂದು ಕೇಳಿದರೆಂದೂ, ತಮ್ಮ ಗುರುವನ್ನು ಹೀಗಳೆದರೆಂದು ಸಿಟ್ಟಿಗೆದ್ದ ಕೆಲಸಗಾರರು ಕಲ್ಲೆಸೆದರೆಂದೂ ಶೂನ್ಯಸಂಪಾದನೆಯು ನಿರೂಪಿಸುತ್ತದೆ. ಪ್ರಭುದೇವರು ಕೆರೆಯನ್ನು ಕೆಡಿಸಬಂದವರಲ್ಲ. ಕೆರೆಯನ್ನು ಕಟ್ಟುತ್ತಿರುವ ಕೈಯ ಹಿಂದೆ ಕಟ್ಟಿಸಿದವನು ತಾನೆಂಬ ಭಾವವು ಸೂಕ್ಷ್ಮವಾಗಿ ಬೆಳೆಯುತ್ತಿರುವುದನ್ನು ಕಂಡು ಅದನ್ನು ಅಗೆದು ತೆಗೆಯಬಂದವರು. ಸಿದ್ಧರಾಮೇಶ್ವರರು ಆ ಪೆಟ್ಟನ್ನು ತಾಳಿಕೊಂಡರು, ತಿಳಿದುಕೊಂಡರು, ಕಲ್ಯಾಣಕ್ಕೆ ನಡೆದು ಬಂದು ಶರಣರ ನಡುವೆ ಒಬ್ಬರಾದರು. ಅವರ ಹಿರಿಮೆಯು ಕೆರೆಯನ್ನು ಕಟ್ಟಿಸಿದುದರಲ್ಲಿ ಎಷ್ಟಿದೆಯೋ ಈ ಮಾತನ್ನು ಕೇಳಿಸಿಕೊಂಡುದರಲ್ಲಿಯೂ ಅಷ್ಟೇ ಇದೆ.

ಇದರಿಂದ ದೊರೆಯುವ ಪಾಠವು ಸೇವೆಯನ್ನು ಬಿಡಬೇಕೆಂಬುದಲ್ಲ. ಕೆರೆಗೆ ನೀರು ಬರಬೇಕು, ಜನ ಕುಡಿಯಬೇಕು. ಆದರೆ ಕೆರೆಯು ಊರಿಗಾಗಿಯೋ, ಕಟ್ಟುವವನ ಹೆಸರಿಗಾಗಿಯೋ ಎಂಬ ಪ್ರಶ್ನೆಯನ್ನು ಕಟ್ಟುವವನು ತನಗೆ ತಾನೇ ಕೇಳಿಕೊಳ್ಳುತ್ತಿರಬೇಕು. ಹೆಸರಿಗಾಗಿ ಮಾಡಿದ ಸೇವೆಯು ಹೆಸರು ಬಂದೊಡನೆ ನಿಲ್ಲುತ್ತದೆ. ಊರಿಗಾಗಿ ಮಾಡಿದ್ದಾದರೆ ಊರಿಗೆ ಬೇಕಾದಷ್ಟು ಕಾಲ ನಡೆಯುತ್ತದೆ.

ಸೇವೆಯನ್ನು ಅರಸುವವನು ಹೇಗೆ ಅರಸಬೇಕೆಂಬುದಕ್ಕೆ ಸಮೀಪಕಾಲದ ನಿದರ್ಶನವೊಂದು ಗಾಂಧೀಜಿಯವರ ಆತ್ಮಕಥೆಯಲ್ಲಿದೆ. 1901ರ ಕೊನೆಯಲ್ಲಿ ಕಲ್ಕತ್ತೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ಸೇರಿತ್ತು. ದಕ್ಷಿಣ ಆಫ್ರಿಕೆಯಲ್ಲಿ ಅದಾಗಲೇ ಹಲವು ವರ್ಷ ವಕೀಲಿ ಮಾಡಿ, ಅಲ್ಲಿಯ ಭಾರತೀಯರ ಪರವಾಗಿ ಹೋರಾಡಿದ್ದ ಗಾಂಧೀಜಿ ಅಲ್ಲಿಗೆ ಬಂದಿದ್ದರು. ಸ್ವಯಂಸೇವಕರು ಅನೇಕರಿದ್ದರು, ಆದರೆ ಒಬ್ಬನಿಗೆ ಹೇಳಿದ ಕೆಲಸವನ್ನು ಅವನು ಇನ್ನೊಬ್ಬನಿಗೆ, ಆ ಇನ್ನೊಬ್ಬನು ಮತ್ತೊಬ್ಬನಿಗೆ ದಾಟಿಸುತ್ತಿದ್ದುದನ್ನು ಅವರು ಕಂಡರು. ಪಾಯಿಖಾನೆಗಳು ದುರ್ನಾತ ಬೀರುತ್ತಿದ್ದುವು. ಅದನ್ನು ತೋರಿಸಿದಾಗ, ಅದು ತಮ್ಮ ಕೆಲಸವಲ್ಲ, ಜಾಡಮಾಲಿಯದೆಂಬ ಉತ್ತರ ಬಂದಿತು. ಗಾಂಧೀಜಿ ಕಸಬರಿಗೆಯನ್ನು ಕೇಳಿ ಪಡೆದು ತಾವೇ ಶುಚಿಮಾಡಿದರು. ಅಧಿವೇಶನಕ್ಕೆ ಇನ್ನೂ ಎರಡು ದಿನಗಳಿದ್ದುದರಿಂದ ಕಚೇರಿಗೆ ಹೋಗಿ ತಮ್ಮಿಂದಾಗುವ ಸೇವೆಯೇನಾದರೂ ಇದೆಯೇ ಎಂದು ವಿಚಾರಿಸಿದರು. ಕಾರ್ಯದರ್ಶಿಗಳಲ್ಲಿ ಒಬ್ಬರಾಗಿದ್ದ ಘೋಷಾಲರು, ಗುಮಾಸ್ತೆಯ ಕೆಲಸವೊಂದೇ ಇದೆ, ಮಾಡುವಿರಾ ಎಂದರು. ಗಾಂಧೀಜಿ ಸಂತೋಷದಿಂದ ಒಪ್ಪಿ, ರಾಶಿಬಿದ್ದಿದ್ದ ಕಾಗದಗಳನ್ನು ಓದಿ ವಿಂಗಡಿಸಿ ಉತ್ತರ ಬರೆದರು. ಬಂದವರು ಯಾರೆಂಬುದು ತಿಳಿದ ಮೇಲೆ ಘೋಷಾಲರು ಸಂಕೋಚಪಟ್ಟರಂತೆ. ಗಾಂಧೀಜಿಗೆ ಸಂಕೋಚವೇನೂ ಇರಲಿಲ್ಲ. ತಾನು ಬಾರಿಸ್ಟರನೆಂದೂ, ತನಗೊಪ್ಪುವ ಕೆಲಸ ಕೊಡಿರೆಂದೂ ಅವರು ಕೇಳಿರಲಿಲ್ಲ. ಏನು ಬೇಕಾಗಿದೆಯೆಂದು ಕೇಳಿದರು, ಬೇಕಾದುದನ್ನು ಮಾಡಿದರು. ಅವಕಾಶವು ಅರ್ಧ ಗಳಿಗೆಯಲ್ಲಿ ದೊರೆಯಿತು.

ಹೀಗೆ ಕೇಳುವ ಮನಸ್ಸಿನಿಂದ ಹೊರಟವನಿಗೆ ಇಂದಿನ ಊರುಗಳಲ್ಲಿ ಕೇಳಬೇಕಾದ ಸ್ಥಳಗಳು ಯಾವುವು? ಹಳ್ಳಿಯಲ್ಲಿ ಮೊದಲನೆಯದು ಗ್ರಾಮಸಭೆ. 1993ರ ಪಂಚಾಯತ್ ರಾಜ್ ಅಧಿನಿಯಮದಂತೆ ಕರ್ನಾಟಕದ ಗ್ರಾಮಪಂಚಾಯತಿಗಳಲ್ಲಿ ಕಾಲಕಾಲಕ್ಕೆ ಗ್ರಾಮಸಭೆ ಸೇರಬೇಕು. ಅಲ್ಲಿ ಊರಿನ ಕೊರತೆಗಳು ಬಾಯಿಮಾತಿನಲ್ಲಿ ಹೊರಬೀಳುತ್ತವೆ: ಕೆಟ್ಟ ಕೊಳಾಯಿ, ಕೂಡದ ಶಾಲೆಯ ಗೋಡೆ, ಬಾರದ ಪಿಂಚಣಿ. ಸೇವೆ ಮಾಡಬೇಕೆನ್ನುವವನು ಎರಡು ಗ್ರಾಮಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಸುಮ್ಮನೆ ಕೇಳಿದರೆ ವರ್ಷಕ್ಕಾಗುವಷ್ಟು ಕೆಲಸವು ಕಿವಿಗೆ ಬೀಳುತ್ತದೆ. ಎರಡನೆಯವರು, ಮನೆಮನೆಯ ಸ್ಥಿತಿಯನ್ನು ಬಲ್ಲ ಆಶಾ ಕಾರ್ಯಕರ್ತೆ, ಅಂಗನವಾಡಿಯ ಕಾರ್ಯಕರ್ತೆ, ಶಾಲೆಯ ಮುಖ್ಯೋಪಾಧ್ಯಾಯರು ಮತ್ತು ಅಂಚೆಯವನು. ಯಾವ ಮನೆಯಲ್ಲಿ ಮುದುಕಿಯೊಬ್ಬಳು ಒಂಟಿಯಾಗಿದ್ದಾಳೆ, ಯಾವ ಮಗು ಶಾಲೆ ಬಿಟ್ಟಿದೆ, ಯಾರು ಔಷಧಿಯನ್ನು ನಡುವೆಯೇ ನಿಲ್ಲಿಸಿದ್ದಾರೆ ಎಂಬುದನ್ನು ಇವರಷ್ಟು ಬಲ್ಲವರಿಲ್ಲ.

ಕೇಳಿದ ಮೇಲೆ ಬರುವ ಉತ್ತರವು ಕೇಳಿದವನ ನಿರೀಕ್ಷೆಗೆ ಹೊಂದದಿರಬಹುದು. ಈ ಹೊಂದದಿರುವಿಕೆಯಲ್ಲಿಯೇ ಸೇವಾರ್ಥಿಯ ಪರೀಕ್ಷೆಯಿರುವುದು. ಕೆರೆಯ ಉದಾಹರಣೆಯನ್ನೇ ನೋಡಬಹುದು. ಕರ್ನಾಟಕದಲ್ಲಿ ಸುಮಾರು 36,000 ಕೆರೆಗಳಿವೆಯೆಂದು ಲೆಕ್ಕ. ಹೂಳು ತುಂಬಿ ಸೊರಗಿದವು ಅವುಗಳಲ್ಲಿ ಅನೇಕ. ಕೆರೆಯ ಸೇವೆಯೆಂದೊಡನೆ ಪೇಟೆಯಿಂದ ನೂರು ಜನ ಒಂದು ಭಾನುವಾರ ಬಂದು, ಬುಟ್ಟಿ ಹಿಡಿದು ಹೂಳೆತ್ತಿ, ಚಿತ್ರ ತೆಗೆಸಿಕೊಂಡು ಹೋಗುವುದುಂಟು. ಅದೇ ಕೆರೆಯ ನೀರುಗಂಟಿಯನ್ನು ಕೇಳಿದರೆ ಅವನು ಬೇರೆಯದನ್ನೇ ಹೇಳುತ್ತಾನೆ. ಕೆರೆಗೆ ನೀರು ತರುವ ಕಾಲುವೆಯಲ್ಲಿ ಗಿಡಗಂಟಿ ಬೆಳೆದಿದೆ, ಮುಂಗಾರಿಗೆ ಮೊದಲು ಅದನ್ನು ಬಿಡಿಸದಿದ್ದರೆ ಹೂಳೆತ್ತಿದ ಕೆರೆಯೂ ಒಣಗಿಯೇ ಇರುವುದು. ಏರಿಯ ಮೇಲೆ ಜಾಲಿ ಬೇರುಬಿಟ್ಟಿದೆ, ಬೇರು ಸತ್ತು ಕೊಳೆತರೆ ಅದು ಬಿಟ್ಟ ಸಂದಿನಲ್ಲಿ ನೀರು ಜಿನುಗಿ ಏರಿ ಒಡೆಯಬಹುದು. ಕೋಡಿಯ ಬಾಯಿಯಲ್ಲಿ ಕಸ ಕಟ್ಟಿದೆ. ತೂಬಿನ ಬಾಗಿಲು ಸರಿಯಾಗಿ ಕೂಡುತ್ತಿಲ್ಲ. ಇವೆಲ್ಲ ಸಣ್ಣ ಕೆಲಸಗಳು, ಪ್ರತಿವರ್ಷವೂ ಮಾಡಬೇಕಾದುವು, ಯಾರ ಕಣ್ಣಿಗೂ ಬೀಳದಂಥವು. ಕೆರೆಯು ಉಳಿಯುವುದು ಇವುಗಳಿಂದ.

ದೊಡ್ಡ ಕೆಲಸವು ಎಂದೂ ಬೇಡವೆಂದಲ್ಲ. 2019ರಲ್ಲಿ ಕೊಪ್ಪಳ ಸೀಮೆಯ ಹಿರೇಹಳ್ಳವನ್ನು ಅಲ್ಲಿಯ ಗವಿಮಠದ ಶ್ರೀಗಳ ಮುಂದಾಳುತನದಲ್ಲಿ ಜನ ಶುಚಿಗೊಳಿಸಿದಾಗ, ಹೂಳು ಮುಳ್ಳುಕಂಟಿಗಳಿಂದ ಮುಚ್ಚಿಹೋಗಿದ್ದ ಹಳ್ಳವು ಮತ್ತೆ ಹಳ್ಳವಾಯಿತು. ಅದು ಸಾಧ್ಯವಾದುದು ದಂಡೆಯ ಹಳ್ಳಿಗಳವರೇ ಅದನ್ನು ತಮ್ಮ ಹಳ್ಳವೆಂದು ತಿಳಿದು ಕೈಹಾಕಿದುದರಿಂದ. ಆದರೆ ಅಂತಹ ಹಳ್ಳವೂ ಮುಂದಿನ ಮಳೆಗಾಲಗಳಲ್ಲಿ ಮತ್ತೆ ಹೂಳು ತಿನ್ನುತ್ತದೆ. ಅದನ್ನು ನೋಡಿಕೊಳ್ಳುವ ಕೈಗಳ ಅವಶ್ಯಕತೆ ಉತ್ಸಾಹದ ದಿನ ಮುಗಿದ ಮೇಲೆಯೇ ಮೊದಲಾಗುವುದು.

ರಕ್ತದಾನದ ವಿಷಯವೂ ಹೀಗೆಯೇ. 18ರಿಂದ 65 ವಯಸ್ಸಿನ, 45 ಕಿಲೋಗ್ರಾಂಗೆ ಕಡಮೆಯಿಲ್ಲದ ತೂಕದ ಆರೋಗ್ಯವಂತರು ರಕ್ತ ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ. ಸರ್ವೋಚ್ಚ ನ್ಯಾಯಾಲಯದ 1996ರ ತೀರ್ಪಿನ ಫಲವಾಗಿ ಹಣಕ್ಕೆ ರಕ್ತ ಮಾರುವ ಪದ್ಧತಿ 1998ರಿಂದ ಈ ದೇಶದಲ್ಲಿ ನಿಷಿದ್ಧವಾಗಿದೆ. ಆದುದರಿಂದ ರೋಗಿಗೆ ದಿಕ್ಕಾದವನು ದಾನಿಯೊಬ್ಬನೇ. ಊರಿನ ಮುಖಂಡನೊಬ್ಬನ ಹುಟ್ಟುಹಬ್ಬದ ದಿನ ಇನ್ನೂರು ಮಂದಿ ಸಾಲಾಗಿ ನಿಂತು ರಕ್ತ ಕೊಟ್ಟರೆಂದಿಟ್ಟುಕೊಳ್ಳೋಣ. ಕೆಂಪು ರಕ್ತಕಣಗಳನ್ನು ಸುಮಾರು ಐದಾರು ವಾರಗಳ ಮೇಲೆ ಇಡಲಾಗುವುದಿಲ್ಲ. ಪ್ಲೇಟ್‌ಲೆಟ್ ಎಂಬ ಕಣಗಳು ಐದು ದಿನಗಳೊಳಗೆ ಬಳಕೆಯಾಗಬೇಕು. ಥಲಸ್ಸೀಮಿಯ ಎಂಬ ವ್ಯಾಧಿಯಿಂದ ನರಳುವ ಮಗುವಿಗೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ, ಬದುಕಿರುವವರೆಗೂ ರಕ್ತ ಬೇಕು. ಆ ಮಗುವಿಗೆ ಹುಟ್ಟುಹಬ್ಬದ ದಿನದ ಇನ್ನೂರು ದಾನಿಗಳಿಗಿಂತ, ಕಾಲೇಜುಗಳಿಗೆ ರಜೆಯಾಗಿ ರಕ್ತನಿಧಿ ಬರಿದಾಗುವ ಬೇಸಗೆಯ ತಿಂಗಳುಗಳಲ್ಲಿ ಕರೆದಾಗ ಬರುವ ಹತ್ತು ದಾನಿಗಳು ಹೆಚ್ಚು. ಯಾವಾಗ ಬರಲಿ ಎಂದು ರಕ್ತನಿಧಿಯವರನ್ನು ಕೇಳಿ ಆ ದಿನ ಹೋದವನು ದಾಸೋಹಿ. ತನಗೆ ಬೇಕಾದ ದಿನ ಕೊಟ್ಟು ಬಂದವನು ದಾನಿಯಾದನು, ಅಷ್ಟೇ.

ಇನ್ನೊಂದು ಸೇವೆಯಿದೆ, ಅದರಲ್ಲಿ ವಿದ್ಯೆಯ ಅಹಂಕಾರಕ್ಕೆ ವಿಚಿತ್ರವಾದ ಮದ್ದಿದೆ. ಕಣ್ಣಿಲ್ಲದ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಉತ್ತರವನ್ನು ಬಾಯಿಂದ ಹೇಳುತ್ತಾರೆ. ಪಕ್ಕದಲ್ಲಿ ಕುಳಿತವರು ಅದನ್ನು ಬರೆಯುತ್ತಾರೆ. ಗದಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವನ್ನು ಕಟ್ಟಿ ಬೆಳೆಸಿದ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಸ್ವತಃ ಅಂಧರಾಗಿದ್ದು ಅಂಧರಿಗೆ ವಿದ್ಯೆಯ ದಾರಿ ತೆರೆದ ಈ ನಾಡಿನಲ್ಲಿ, ಪರೀಕ್ಷೆಯ ಕಾಲ ಬಂದಾಗ ಬರೆಯುವ ಕೈ ಸಿಗದೆ ಪರದಾಡುವ ಮಕ್ಕಳು ಇಂದಿಗೂ ಇದ್ದಾರೆ. ಬರೆಯುವವನು ಪರೀಕ್ಷಾರ್ಥಿಗಿಂತ ಕೆಳಗಿನ ತರಗತಿಯವನಾಗಿರಬೇಕೆಂಬುದು ಸಾಮಾನ್ಯ ನಿಯಮ. ಇಲ್ಲದಿದ್ದರೆ ಉತ್ತರವು ಹೇಳುವವನದೋ ಬರೆಯುವವನದೋ ಎಂಬ ಸಂಶಯ ಬರುತ್ತದೆ. ಹತ್ತನೆಯ ತರಗತಿಯ ಅಂಧ ಬಾಲಕಿಗೆ ಬರೆದುಕೊಡಲು ಪದವೀಧರನು ಬಂದರೆ ಅವನು ಅನರ್ಹ, ಒಂಬತ್ತನೆಯ ತರಗತಿಯ ಹುಡುಗಿ ಅರ್ಹಳು. ಆ ಪದವೀಧರನು ಮುನಿಸಿಕೊಂಡು ಹಿಂದಿರುಗಿದರೆ ಅವನು ಅರಸುತ್ತಿದ್ದುದು ತನ್ನ ವಿದ್ಯೆಯ ಪ್ರದರ್ಶನವನ್ನು. ಸೇವೆಯನ್ನು ಅರಸುವವನಾದರೆ, ತನ್ನ ಬೀದಿಯಲ್ಲಿ ಒಂಬತ್ತನೆಯ ತರಗತಿಯ ಮಗುವೊಂದನ್ನು ಹುಡುಕಿ, ಅದರ ತಂದೆತಾಯಿಗಳನ್ನು ಒಪ್ಪಿಸಿ, ಪರೀಕ್ಷೆಯ ದಿನಗಳಲ್ಲಿ ಕೇಂದ್ರಕ್ಕೆ ಕರೆದೊಯ್ದು, ಹೊರಗೆ ಮರದ ನೆರಳಿನಲ್ಲಿ ಕಾದು ಕುಳಿತಿರುತ್ತಾನೆ. ಬರೆಯುವವನ ಮತ್ತೊಂದು ವ್ರತವೂ ಕಠಿಣವಾದುದು. ಹೇಳಿದ ಉತ್ತರವು ತಪ್ಪೆಂದು ತಿಳಿದರೂ ಹೇಳಿದುದನ್ನೇ ಬರೆಯಬೇಕು. ತನ್ನ ಅರಿವನ್ನು ಅಡಗಿಸಿ ಇನ್ನೊಬ್ಬರ ಕೈಯಾಗುವುದು ಮೂರು ಗಂಟೆಗಳ ಮಟ್ಟಿಗಾದರೂ ಹಗುರಾದ ಸಾಧನೆಯಲ್ಲ.

ಕ್ಷಯರೋಗಿಯ ಸಂಗತಿಯಲ್ಲಿ ಸೇವೆಯು ಕೇವಲ ಜೊತೆಗಿರುವ ರೂಪವನ್ನು ತಾಳುತ್ತದೆ. ಸಾಮಾನ್ಯವಾಗಿ ಆರು ತಿಂಗಳ ಕಾಲ ತಪ್ಪದೆ ಗುಳಿಗೆ ನುಂಗಬೇಕು. ಕೆಲವು ವಾರಗಳಲ್ಲಿಯೇ ಕೆಮ್ಮು ಇಳಿದು ಹಸಿವು ಮರಳುವುದರಿಂದ ರೋಗಿಯು ಗುಣವಾಯಿತೆಂದು ಬಗೆದು ಔಷಧಿಯನ್ನು ಬಿಡುತ್ತಾನೆ. ಆಗ ಉಳಿದ ರೋಗಾಣುಗಳು ಔಷಧಿಗೆ ಬಗ್ಗದಂತೆ ಬಲಿತು ಅವನನ್ನೂ ಅವನ ಮನೆಯವರನ್ನೂ ಅಪಾಯಕ್ಕೆ ಒಡ್ಡುತ್ತವೆ. ಗುಳಿಗೆಯನ್ನು ಸರ್ಕಾರವೇ ಉಚಿತವಾಗಿ ಕೊಡುತ್ತದೆ. ದಿನವೂ ಹತ್ತು ನಿಮಿಷ ಬಂದು ಕುಳಿತು, ನುಂಗಿದೆಯಾ, ಊಟವಾಯಿತೇ ಎಂದು ಕೇಳುವವರು ಬೇಕು. ಆ ಕೇಳುವವನು ಐದನೆಯ ತಿಂಗಳಲ್ಲಿ ಬೇಸತ್ತು ಬಿಟ್ಟರೆ ರೋಗಿಯೂ ಬಿಡುತ್ತಾನೆ. ಅರ್ಧಕ್ಕೆ ಬಿಟ್ಟ ಸೇವೆಯು ಮಾಡದ ಸೇವೆಗಿಂತ ಹೆಚ್ಚು ಕೇಡನ್ನು ತರಬಹುದೆಂಬುದಕ್ಕೆ ಇದು ಸಾಕ್ಷಿ. ಸಂಜೆಯ ಪಾಠ ಹೇಳುತ್ತೇನೆಂದು ಬಂದು ಮೂರು ವಾರಗಳ ಮೇಲೆ ಕಾಣೆಯಾದವನನ್ನು ಬಾಗಿಲಲ್ಲಿ ಕಾದು ನಿಂತ ಮಕ್ಕಳು ಎಂದಿಗೂ ಮರೆಯುವುದಿಲ್ಲ. ಅವನ ಬಳಿಕ ಬಂದ ಒಳ್ಳೆಯವನನ್ನೂ ಅವರು ನಂಬುವುದಿಲ್ಲ.

ಇಲ್ಲಿಯವರೆಗೆ ಹೇಳಿದುದೆಲ್ಲವೂ ಸಮೀಪದ ಸೇವೆ. ಆದರೆ ಸಮೀಪವೆಂದರೆ ಯಾವುದು? ತನ್ನ ಮನೆಯಿಂದ ನೂರು ಮಾರು ದೂರದಲ್ಲಿರುವ ಕೇರಿಯಲ್ಲಿ ಹುಟ್ಟಿದಂದಿನಿಂದ ಕಾಲಿಡದವರು ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ದೂರದ ಪ್ರವಾಹಕ್ಕೆ, ಭೂಕಂಪಕ್ಕೆ ಮನ ಕರಗಿ ಹಣ ಕಳಿಸುವ ಗೃಹಸ್ಥನಿಗೆ ತನ್ನ ಊರಿನ ಅಂಚಿನ ಕೇರಿಯ ಕೊಳಾಯಿಯಲ್ಲಿ ನೀರು ಬರುತ್ತದೆಯೋ ಇಲ್ಲವೋ ತಿಳಿಯದು. ಹತ್ತಿರವಿರುವುದೇ ಅತ್ಯಂತ ದೂರವಾಗಿ ಉಳಿದಿರುವುದು ಹೀಗೆ. ಮನಸ್ಸು ಕರಗಿ ಆ ಕೇರಿಗೆ ಹೋದವನು ಕೂಡ ಕಂಬಳಿ ಹಂಚಿ, ಪುಸ್ತಕ ಹಂಚಿ, ಕುಡಿಯಲು ನೀರು ತಂದಾಗ ಬಾಯಾರಿಕೆಯಿಲ್ಲವೆಂದು ಎದ್ದು ಬಂದರೆ, ಅವನು ಕೊಟ್ಟುದೆಲ್ಲವೂ ಮೇಲಿನಿಂದ ಕೆಳಗೆ ಎಸೆದುದಾಯಿತು.

ಬಸವಣ್ಣನವರು ಸಂಬೋಳಿಯ ನಾಗಿದೇವನ ಮನೆಗೆ ಹೋಗಿ ಪ್ರಸಾದವನ್ನು ಸ್ವೀಕರಿಸಿದರೆಂದೂ, ಅದರಿಂದ ಬಿಜ್ಜಳನ ಆಸ್ಥಾನದಲ್ಲಿ ಕೋಲಾಹಲವೆದ್ದಿತೆಂದೂ ಪುರಾಣಗಳು ಹೇಳುತ್ತವೆ. ಅವರು ಆ ಮನೆಗೆ ಧಾನ್ಯವನ್ನು ಕಳಿಸಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಭಂಡಾರಿಯ ಔದಾರ್ಯವೆಂದು ಹೊಗಳುತ್ತಿದ್ದರು. ಉಂಡುದು ಅಪರಾಧವಾಯಿತು. ಕೊಡುವುದರಿಂದ ಮೇಲು-ಕೀಳಿನ ಕಟ್ಟು ಅಲುಗುವುದಿಲ್ಲ, ಕೊಳ್ಳುವುದರಿಂದ ಅಲುಗುತ್ತದೆ. ಆದುದರಿಂದ ತನ್ನ ಊರಿನಲ್ಲಿ ಸೇವೆಯನ್ನು ಅರಸುವವನು ಏನನ್ನು ಕೊಡಬಲ್ಲೆನೆಂದು ಎಣಿಸುವ ಮೊದಲು, ಯಾರ ಮನೆಯ ನೀರನ್ನು ತಾನು ಇದುವರೆಗೆ ಕುಡಿದಿಲ್ಲವೆಂದು ಎಣಿಸಿಕೊಂಡರೆ ದಾರಿಯು ತಾನಾಗಿ ಕಾಣುವುದು.

ಇದಕ್ಕೆ ಕೆಲವು ಆಕ್ಷೇಪಗಳಿವೆ, ಅವು ತಳ್ಳಿಹಾಕತಕ್ಕವಲ್ಲ. ಒಬ್ಬನಿಗೆ ವಿಶೇಷವಾದ ವಿದ್ಯೆಯಿರುವಾಗ ಅದನ್ನು ಬಿಟ್ಟು ಕಸ ಗುಡಿಸುವುದು ಸರಿಯೇ ಎಂಬುದು ಮೊದಲನೆಯದು. ವೈದ್ಯನು ವೈದ್ಯವನ್ನು ಮಾಡಲಿ, ಲೆಕ್ಕ ಬಲ್ಲವನು ಸಹಕಾರ ಸಂಘದ ಲೆಕ್ಕವನ್ನು ನೋಡಲಿ. ಊರಿಗೆ ಅದು ಬೇಕಾಗಿದ್ದರೆ ಅದಕ್ಕಿಂತ ಉತ್ತಮವಾದುದಿಲ್ಲ. ಶರಣರೂ ತಮ್ಮ ತಮ್ಮ ಕಾಯಕದಿಂದಲೇ ದಾಸೋಹವನ್ನು ನಡೆಸಿದರು; ಮಡಿವಾಳನು ಬಟ್ಟೆ ತೊಳೆದನು, ಮೇದರವನು ಬುಟ್ಟಿ ಹೆಣೆದನು. ಆದರೆ ಬೇಕೆಂಬುದನ್ನು ನಿಶ್ಚಯಿಸತಕ್ಕವರು ಪಡೆಯುವವರು.

ಸರ್ಕಾರವು ಮಾಡತಕ್ಕ ಕೆಲಸವನ್ನು ಸೇವಕರು ಮಾಡತೊಡಗಿದರೆ ಸರ್ಕಾರವು ನಿದ್ರಿಸುವುದಿಲ್ಲವೇ, ಕೂಲಿಯವನ ಕೂಲಿ ಹೋಗುವುದಿಲ್ಲವೇ ಎಂಬುದು ಎರಡನೆಯದು. ಇದು ಗಟ್ಟಿಯಾದ ಮಾತು. ಪೌರಕಾರ್ಮಿಕರು ಪ್ರತಿದಿನ ಗುಡಿಸುವ ಬೀದಿಯನ್ನು ಗಣ್ಯರು ವರ್ಷಕ್ಕೊಮ್ಮೆ ಗುಡಿಸಿದರೆ ಪೌರಕಾರ್ಮಿಕರಿಗೆ ಆಗುವ ಉಪಕಾರವೇನೂ ಇಲ್ಲ. ಹಸಿ ಕಸವನ್ನೂ ಒಣ ಕಸವನ್ನೂ ಮನೆಯಲ್ಲಿಯೇ ಬೇರ್ಪಡಿಸಿಟ್ಟು, ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಗುರುತು ಮಾಡಿ ಕೊಟ್ಟರೆ ಅವರ ಕೈ ಕುಯ್ಯುವುದು ತಪ್ಪುತ್ತದೆ. ಅವರ ಸಂಬಳ ತಡವಾದಾಗ ಅವರ ಪರವಾಗಿ ಮಾತನಾಡಿದರೆ ಅದೂ ಸೇವೆ. ಹಕ್ಕಾಗಿ ಬರಬೇಕಾದುದನ್ನು ಕರುಣೆಯಾಗಿ ಮಾರ್ಪಡಿಸುವುದು ಸೇವೆಯಲ್ಲ. ಪಿಂಚಣಿ ಬಾರದ ಮುದುಕಿಗೆ ನೂರು ರೂಪಾಯಿ ಕೊಡುವುದಕ್ಕಿಂತ ಅವಳ ಅರ್ಜಿಯನ್ನು ಬರೆದು, ಕಚೇರಿಗೆ ಜೊತೆಯಾಗಿ ಹೋಗಿ, ಬರುವವರೆಗೆ ಬಿಡದಿರುವುದು ಹೆಚ್ಚಿನದು.

ಸ್ವಂತ ಮನೆಯನ್ನು ಬಿಟ್ಟು ಊರನ್ನು ಉದ್ಧರಿಸಹೊರಡುವುದು ಧರ್ಮವೇ ಎಂಬುದು ಮೂರನೆಯದು. ಅಲ್ಲವೆಂದೇ ಶರಣರ ನಿಲುವು. ಕಾಯಕವಿಲ್ಲದವನಿಗೆ ದಾಸೋಹವಿಲ್ಲ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಆತನ ಪತ್ನಿ ಲಕ್ಕಮ್ಮನು ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರಹೇಳಿದ ಕಥೆಯು ಎಲ್ಲರೂ ಬಲ್ಲದ್ದು. ದಾಸೋಹಕ್ಕಾಗಿಯೇ ತಂದುದಾದರೂ ಅಳತೆ ಮೀರಿದುದು ಆಸೆಯೆಂಬುದು ಆ ತಾಯಿಯ ಎಚ್ಚರ. ಸೇವೆಯಲ್ಲಿಯೂ ದುರಾಸೆಯಿದೆ. ಐದು ಸಂಘಗಳಿಗೆ ಸೇರಿ ಯಾವುದಕ್ಕೂ ಸರಿಯಾಗಿ ಹೋಗದವನು, ಹಾಸಿಗೆ ಹಿಡಿದ ತಾಯಿಗೆ ಔಷಧಿ ಕೊಡಲು ಮರೆತು ವೃದ್ಧಾಶ್ರಮದಲ್ಲಿ ಹಣ್ಣು ಹಂಚುವವನು ಲಕ್ಕಮ್ಮನ ಮುಂದೆ ನಿಂತರೆ ಏನು ಕೇಳಬೇಕಾಗುತ್ತಿತ್ತೆಂಬುದನ್ನು ಊಹಿಸಿಕೊಳ್ಳಬಹುದು.

ಹಾಗಾದರೆ ಸೇವಾರ್ಥಿಯು ಮಾಡತಕ್ಕುದು ಇಷ್ಟು. ತನ್ನ ಕಾಯಕಕ್ಕೂ ಮನೆಗೂ ಸಲ್ಲಬೇಕಾದ ಕಾಲವನ್ನು ಸಲ್ಲಿಸಿ, ಉಳಿದುದನ್ನು ಪ್ರಾಮಾಣಿಕವಾಗಿ ಅಳೆಯಬೇಕು. ವಾರಕ್ಕೆ ಎರಡು ಗಂಟೆಯಾದರೆ ಎರಡೇ ಗಂಟೆ. ನಾಲ್ಕೆಂದು ಹೇಳಿ ಎರಡು ಕೊಡುವುದಕ್ಕಿಂತ ಎರಡೆಂದು ಹೇಳಿ ಎರಡು ಕೊಡುವುದು ಲೇಸು. ಆ ಅಳತೆಯನ್ನು ಹಿಡಿದು, ನಡೆದು ಹೋಗಬಲ್ಲ ದೂರದಲ್ಲಿರುವ ಶಾಲೆಗೋ, ಆಸ್ಪತ್ರೆಗೋ, ಪಂಚಾಯತಿಯ ಗ್ರಂಥಾಲಯಕ್ಕೋ, ಅನಾಥಾಲಯಕ್ಕೋ ಹೋಗಿ, ಇಷ್ಟು ಹೊತ್ತು ನನ್ನಲ್ಲಿದೆ, ಇದರಿಂದ ಏನಾಗಬೇಕು ಎಂದು ಕೇಳಬೇಕು. ಹೇಳಿದ ಕೆಲಸವು ಅವಮಾನಕರವಲ್ಲದಿದ್ದರೆ, ಅಧರ್ಮವಲ್ಲದಿದ್ದರೆ, ತನ್ನ ರುಚಿಗೆ ಒಗ್ಗದಿದ್ದರೂ ಒಪ್ಪಿಕೊಳ್ಳಬೇಕು. ಮೊದಲ ಕೆಲವು ತಿಂಗಳು ಸಲಹೆ ಕೊಡುವುದನ್ನು ಬಿಟ್ಟು, ಬಹುಕಾಲದಿಂದ ಅಲ್ಲಿರುವವರಿಂದ ಕಲಿಯಬೇಕು. ಮುಂದುವರಿಸಲಾಗದ ದಿನ ಬಂದರೆ ಮುಂಚೆಯೇ ತಿಳಿಸಿ, ಇನ್ನೊಬ್ಬರಿಗೆ ಕೆಲಸವನ್ನು ಒಪ್ಪಿಸಿ ಹೊರಡಬೇಕು. ಸೇವೆಗೆ ಬರುವುದು ಎಷ್ಟು ಮುಖ್ಯವೋ ಸೇವೆಯಿಂದ ಸರಿಯಾಗಿ ಬಿಡುಗಡೆ ಹೊಂದುವುದೂ ಅಷ್ಟೇ ಮುಖ್ಯ.

ಇಷ್ಟು ಮಾಡಿದವನಿಗೆ ಸಂತೋಷವು ದೊರೆಯುವುದೇ? ಬಹುಮಟ್ಟಿಗೆ ದೊರೆಯುವುದು. ಆದರೆ ಕೆಲವು ದಿನ ದೊರೆಯದಿರುವುದೂ ಉಂಟು. ಉಪಕಾರ ಪಡೆದವನು ಬೈಯಬಹುದು, ಮಗುವು ಪರೀಕ್ಷೆಯಲ್ಲಿ ತಪ್ಪಬಹುದು, ರೋಗಿಯು ಸಾಯಬಹುದು. ಸಂತೋಷಕ್ಕಾಗಿ ಬಂದವನು ಅಂದು ಮನೆಗೆ ಹೋಗುತ್ತಾನೆ. ಕೆಲಸವಿದೆಯೆಂದು ಬಂದವನು ಮರುದಿನವೂ ಬರುತ್ತಾನೆ. ಇವರಿಬ್ಬರ ಅಂತರವು ತೋರುವುದು ಅಂತಹ ದಿನಗಳಲ್ಲಿಯೇ.

ಜಾತ್ರೆಯ ಸಂಜೆ ಹಿತ್ತಿಲಿನಲ್ಲಿ ಕೊಪ್ಪರಿಗೆ ತಿಕ್ಕುತ್ತಿರುವವರು ಯಾರನ್ನೂ ಕರೆಯುವುದಿಲ್ಲ. ಅವರಿಗೆ ಕರೆಯುವಷ್ಟು ಬಿಡುವಿರುವುದಿಲ್ಲ. ಊರಿಗಾಗಿ ಏನನ್ನಾದರೂ ಮಾಡಬೇಕೆಂದಿರುವವನು ಅಲ್ಲಿಗೆ ತಾನಾಗಿ ಹೋಗಿ, ಯಾವುದನ್ನು ತೊಳೆಯಲಿ ಎಂದು ಕೇಳಬೇಕು. ಅವರು ತಲೆಯೆತ್ತಿ ಒಂದನ್ನು ತೋರಿಸುತ್ತಾರೆ. ಕೊಪ್ಪರಿಗೆಗಳು ಸಾಲಾಗಿ ಇವೆ. ಕತ್ತಲಾಗುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿದೆ.